ಮುಂಬಾಗಿಲ ಚಿಲಕ

ಪುಟ್ಟಸ್ವಾಮಿಯ ತಲೆಯ ಹಿಂಭಾಗಕ್ಕೆ ಬಿದ್ದದ್ದು ಒಂದೇ ಏಟು, ಹಾರೆಯದು. ಹೊಡೆದವನು ಅವನ ದೊಡ್ಡಪ್ಪನ ಮಗ ಮುದ್ದಯ್ಯ. ಹೊಡೆದಿಲ್ಲವೆಂದು ಮುದ್ದಯ್ಯ ಯಾವತ್ತೂ ಹೇಳಲಿಲ್ಲ. ತಾನೇ ಪೊಲೀಸರ ಬಳಿ ಹೋಗಿ ಬರೆಸಿದ: ದೀಪ ಹಚ್ಚಿ ಸ್ವಲ್ಪ ಹೊತ್ತಾಗಿತ್ತು, ಪುಟ್ಟಸ್ವಾಮಿ ಮುಂಬಾಗಿಲ ಚಿಲಕ ಮುರಿದು ಗುದ್ದಲಿ ಎತ್ತಿಕೊಂಡು ಒಳಗೆ ನುಗ್ಗಿದ, ಜೀವ ಉಳಿಸಿಕೊಳ್ಳಲು ಹೊಡೆದೆ. ಪೊಲೀಸರು ಬಂದಾಗ ಚಿಲಕ ಕಿತ್ತು ನೇತಾಡುತ್ತಿತ್ತು. ಗುದ್ದಲಿ ಹೆಣದ ಪಕ್ಕದಲ್ಲಿ ಬಿದ್ದಿತ್ತು. ಅದು ಪುಟ್ಟಸ್ವಾಮಿಯ ಗುದ್ದಲಿಯೇ ಎಂಬುದರಲ್ಲಿ ಊರಿನಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಪುಟ್ಟಸ್ವಾಮಿಯ ಹೆಂಡತಿ ಸೋಮಮ್ಮನಿಗೆ ಗೊತ್ತಿದ್ದದ್ದು ಬೇರೆ. ಆ ಮಧ್ಯಾಹ್ನ ಕಾಲುವೆಯ ಹತ್ತಿರ ನೀರಿನ ಸರದಿಗಾಗಿ ಜಗಳವಾಗಿತ್ತು. ಮುದ್ದಯ್ಯ ಅವನ ಕೈಯಿಂದ ಗುದ್ದಲಿ ಕಿತ್ತುಕೊಂಡು ಮನೆಗೆ ಒಯ್ದಿದ್ದ. ನೀರುಗಂಟಿ ಮರಿಯಯ್ಯ ಅದನ್ನು ಕಣ್ಣಾರೆ ಕಂಡಿದ್ದ. ಸಂಜೆ ಪುಟ್ಟಸ್ವಾಮಿ ಬರಿಗೈಯಲ್ಲಿ ಬಂದು ಜಗಲಿಯ ಮೇಲೆ ಕೂತಾಗ ಸೋಮಮ್ಮ ಕೇಳಿದ್ದಳು:

"ಗುದ್ಲಿ ಎಲ್ಲಿ?"

"ಮುದ್ದಣ್ಣ ಕಿತ್ಕೊಂಡ."

"ಕಿತ್ಕೊಂಡ ಅಂತ ಬಂದು ಕೂತ್ಕೊಂಡ್ರಾ? ನಾಳೀಕೆ ಬಂದು ನನ್ನೂ ಎಳ್ಕೊಂಡೋದ್ರೆ ಇಂಗೇ ಕೂತಿರ್ತೀರಾ? ಗಂಡಸಾದ್ರೆ ಓಗಿ ಇಸ್ಕೊಂಡು ಬನ್ನಿ."

ಅವನು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದುರು ಸಾಲಿನ ಮುದ್ದಯ್ಯನ ಮನೆಗೆ ಹೋದ. ಸೋಮಮ್ಮ ದೀಪ ಹಚ್ಚುತ್ತಿದ್ದಾಗ ಆ ಮನೆಯಿಂದ ಕೂಗು ಬಂತು. ಓಡಿದಾಗ ಬಾಗಿಲು ಹಾಕಿತ್ತು, ಒಳಗಿನಿಂದ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು ಕೇಳಿಸುತ್ತಿತ್ತು. ಆ ಸದ್ದು ಕೇಳಿದವರು ಇನ್ನೂ ಮೂವರಿದ್ದರು. ಮೂವರ ಗದ್ದೆಗೂ ಮುದ್ದಯ್ಯನ ಗದ್ದೆ ದಾಟಿಯೇ ನೀರು ಬರಬೇಕು. ಮೂವರೂ ಏನೂ ಕೇಳಿಸಲಿಲ್ಲ ಎಂದರು. ಮರಿಯಯ್ಯ ಅಂದು ತಾನು ಕಾಲುವೆಯ ಕಡೆಗೇ ಹೋಗಿರಲಿಲ್ಲ ಎಂದ.

ತಾನೇ ಗಂಡನನ್ನು ಕಳಿಸಿದ್ದು ಎಂಬುದನ್ನು ಸೋಮಮ್ಮ ಯಾರಿಗೂ ಹೇಳಲಿಲ್ಲ. ಹೇಳಿದರೆ ಅಳು ಬರುತ್ತಿತ್ತು. ಅತ್ತವರಿಗೆ ಜನ ಸಮಾಧಾನ ಹೇಳುತ್ತಾರೆ. ಅವಳಿಗೆ ಸಮಾಧಾನ ಬೇಕಿರಲಿಲ್ಲ. ಮುದ್ದಯ್ಯನ ಕುತ್ತಿಗೆ ಬೇಕಿತ್ತು.

ಕೇಸು ಮಂಡ್ಯದ ಕೋರ್ಟಿಗೆ ಬಂದದ್ದು ವರ್ಷದ ಮೇಲೆ, ಎಪ್ಪತ್ತಮೂರರಲ್ಲಿ. ಅಷ್ಟರಲ್ಲಿ ಮುದ್ದಯ್ಯ ಜಾಮೀನಿನ ಮೇಲೆ ಬಂದು ಒಂದು ಬೆಳೆ ಕಬ್ಬು ಕಡಿದಿದ್ದ. ಸರ್ಕಾರಿ ವಕೀಲ ರಾಮಾನುಜ ಅಯ್ಯಂಗಾರರು ಕೋರ್ಟಿನ ವರಾಂಡದಲ್ಲಿ ನಿಂತೇ ಸೋಮಮ್ಮನಿಗೆ ವಿಷಯ ಹೇಳಿದರು. ಸುತ್ತಿಬಳಸಿ ಹೇಳುವ ಅಭ್ಯಾಸ ಅವರಿಗಿರಲಿಲ್ಲ.

"ನೋಡಮ್ಮ, ನಮ್ಮ ಕೇಸು ಸಡಿಲವಾಗಿದೆ. ಸೂರ್ಯ ಮುಳುಗಿದ ಮೇಲೆ ಹಾಕಿದ ಬಾಗಿಲು ಮುರಿದು ಒಬ್ಬ ಒಳಗೆ ಬಂದರೆ, ಮನೆಯವನು ಅವನನ್ನ ಕೊಂದರೂ ತಪ್ಪಿಲ್ಲ ಅನ್ನತ್ತೆ ಕಾಯ್ದೆ. ನೂರಾ ಮೂರನೇ ಸೆಕ್ಷನ್ನು. ಅವರ ವಕೀಲರು ತಿರುನಾರಾಯಣ ಅದನ್ನೇ ಹಿಡ್ಕೊಂಡಿದ್ದಾರೆ."

"ಬಾಗ್ಲು ತೆಗ್ದಿದ್ರೆ?"

"ತೆಗೆದ ಬಾಗಿಲಲ್ಲಿ ಕೇಳದೆ ಬಂದರೂ ತಪ್ಪೇ. ಆದರೆ ಅಷ್ಟಕ್ಕೇ ಕೊಲ್ಲೋ ಹಾಗಿಲ್ಲ. ಪ್ರಾಣಭಯ ಇತ್ತು ಅಂತ ತೋರಿಸಬೇಕಾಗತ್ತೆ. ಏಟು ಬಿದ್ದಿರೋದು ನಿನ್ನ ಗಂಡನ ತಲೆ ಹಿಂದೆ. ಬೆನ್ನು ತಿರುಗಿಸಿ ಹೋಗ್ತಿದ್ದವನ ಭಯ ಏನಯ್ಯಾ ಅಂತ ಆಗ ನಾನು ಕೇಳಬಹುದು. ಬಾಗಿಲು ಮುರಿದು ಬಂದ ಅಂತ ಆಗಿಬಿಟ್ಟರೆ ನನ್ನ ಮಾತು ನಡೆಯಲ್ಲ."

ಸೋಮಮ್ಮ ಕೇಳಿದಳು: "ದೀಪ ಅಂಟ್ಸೋ ಒತ್ನಲ್ಲಿ ಯಾರಾದ್ರೂ ಮುಂಬಾಗ್ಲಾಕ್ತಾರಾ ಸಾಮಿ?"

ರಾಮಾನುಜ ಅಯ್ಯಂಗಾರರು ಕಾಗದದ ಕಟ್ಟಿಗೆ ದಾರ ಸುತ್ತುತ್ತಿದ್ದವರು ನಿಲ್ಲಿಸಿದರು. ಅವರ ಮನೆಯಲ್ಲೂ ಹಾಕುವುದಿಲ್ಲ. ಯಾರ ಮನೆಯಲ್ಲೂ ಹಾಕುವುದಿಲ್ಲ. ದೀಪ ಹಚ್ಚುವಾಗ ಹಿತ್ತಲ ಬಾಗಿಲು ಮುಚ್ಚಿ ಮುಂಬಾಗಿಲು ತೆರೆಯುತ್ತಾರೆ. ಲಕ್ಷ್ಮಿ ಮುಂದಿನಿಂದ ಬರಬೇಕು, ಹಿಂದಿನಿಂದ ಹೋಗಬಾರದು.

"ನಾನು ಹೇಳಿದರೆ ಅದು ಸಾಕ್ಷಿ ಆಗಲ್ಲ" ಅಂದರು. "ನೀನು ಹೇಳಿದರೆ ಸತ್ತವನ ಹೆಂಡತಿ ಮಾತು. ಆವತ್ತು ಆ ಬಾಗಿಲು ತೆಗೆದಿತ್ತು ಅಂತ ಆ ಮನೆಯವರೇ ಹೇಳಬೇಕು. ಮನೇಲಿದ್ದವರು ಮುದ್ದಯ್ಯ, ಅವನ ತಾಯಿ, ಇಬ್ಬರೇ. ತಾಯೀನ ಅವರು ಸಾಕ್ಷಿಗೆ ಕರೆಸ್ತಾರೆ. ಬಾಗಿಲು ಹಾಕಿತ್ತು ಅಂತಾಳೆ, ಇಳಿದು ಹೋಗ್ತಾಳೆ."

"ಯಾವಾಗ ಕರೆಸ್ತಾರೆ?"

"ಮೂರು ನಾಲ್ಕು ತಿಂಗಳಾಗತ್ತೆ."

"ಸಾಕು" ಅಂದಳು ಸೋಮಮ್ಮ.

ಮುದ್ದಯ್ಯನ ತಾಯಿ ಮಲ್ಲಿಗಮ್ಮನಿಗೆ ಅರವತ್ತು ದಾಟಿತ್ತು. ಊರಿನಲ್ಲಿ ಅವಳ ಮನೆಯ ದೀಪ ನೋಡಿ ಉಳಿದವರು ದೀಪ ಹಚ್ಚುತ್ತಿದ್ದರು. ಗಂಡ ಸತ್ತ ದಿನವೂ ಹೆಣ ಸಾಗಿಸಿ, ಮನೆ ತೊಳೆದು, ಹೊತ್ತಿಗೆ ಸರಿಯಾಗಿ ಬಾಗಿಲು ತೆಗೆದು ಗೂಡಿಗೆ ದೀಪ ಇಟ್ಟವಳು ಎಂಬ ಹೆಸರು ಅವಳಿಗಿತ್ತು. ಸೋಮಮ್ಮ ವೈದ್ಯನಾಥಪುರದಿಂದ ಮದುವೆಯಾಗಿ ಬಂದ ಮೊದಲ ವಾರ, ಗಾಳಿಗೆ ದೀಪ ಆರುತ್ತದೆಂದು ಬಾಗಿಲು ಮುಂದೆ ಮಾಡಿದ್ದಳು. ಮಲ್ಲಿಗಮ್ಮ ಬೀದಿ ದಾಟಿ ಬಂದು ಬಾಗಿಲನ್ನು ಕಾಲಿನಿಂದ ಒದ್ದು ತೆಗೆದಿದ್ದಳು. "ನಿಮ್ಮಪ್ಪನ ಮನೇಲಿ ಇದನ್ನೇ ಕಲ್ಸವ್ರಾ? ಬಾಗ್ಲಾಕ್ಕೊಂಡು ಯಾವನ ಜೊತೆ ಸಂಸಾರ ಮಾಡ್ತಿದ್ದೀಯೇ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಅಂದಿದ್ದಳು. ಸೋಮಮ್ಮ ಅದನ್ನು ಮರೆತಿರಲಿಲ್ಲ. ಈಗ ಅದು ಕೆಲಸಕ್ಕೆ ಬಂತು.

ಮುದ್ದಯ್ಯ ಈಗ ದಿನಾ ಸಂಜೆ ಮುಂಬಾಗಿಲು ಹಾಕಿಸುತ್ತಿದ್ದ. ಪೊಲೀಸರ ಕಾಗದದಲ್ಲಿ ಬರೆಸಿದ್ದಕ್ಕೂ ಮನೆಯ ನಡೆಗೂ ಹೊಂದಬೇಕಲ್ಲ. ಮುರಿದ ಚಿಲಕವನ್ನು ಪೊಲೀಸರು ಒಯ್ದಿದ್ದರು. ಅದರ ಜಾಗದಲ್ಲಿ ಮದ್ದೂರಿನಿಂದ ತಂದ ಹೊಸ ಚಿಲಕ ಕೂತಿತ್ತು. ಸೋಮಮ್ಮ ಎದುರು ಜಗಲಿಯಲ್ಲಿ ಕೂತು ನೋಡುತ್ತಿದ್ದಳು. ಮಲ್ಲಿಗಮ್ಮ ದೀಪ ಹಚ್ಚಿ ಹೊಸ್ತಿಲ ತನಕ ಬರುತ್ತಿದ್ದಳು, ಬೀದಿಯ ಆ ತುದಿ ಈ ತುದಿ ನೋಡುತ್ತಿದ್ದಳು, ಒಳಗಿನಿಂದ ಮಗ ಕೂಗಿದ ಮೇಲೆ ಬಾಗಿಲು ಎಳೆದುಕೊಳ್ಳುತ್ತಿದ್ದಳು. ಚಿಲಕ ಬೀಳುವ ಸದ್ದು ಎದುರು ಸಾಲಿಗೆ ಕೇಳಿಸುತ್ತಿತ್ತು.

ಸೋಮಮ್ಮ ಬಾವಿಕಟ್ಟೆಯಿಂದ ಶುರು ಮಾಡಿದಳು. ಪಕ್ಕದ ಮನೆಯ ಯಶೋದಮ್ಮನ ಬಾಯಿಗೆ ಒಂದು ಮಾತು ಹಾಕಿದರೆ ಸಂಜೆಯೊಳಗೆ ಅದು ಊರಿನ ಕೊನೆ ಮನೆ ಮುಟ್ಟುತ್ತದೆ.

"ಯಶೋದಕ್ಕ, ದೊಡ್ಮನೆಯೋರು ಒಸ ಪದ್ದತಿ ಸುರು ಮಾಡವ್ರೆ, ನೋಡ್ದಾ?"

"ಏನಮ್ಮಿ ಅದು?"

"ದೀಪ ಅಂಟ್ಸಿ ಮುಂಬಾಗ್ಲು ಚಿಲ್ಕ ಹಾಕ್ಕೊಳ್ಳೋದು. ಲಕ್ಸ್ಮಿ ಬಂದು ಬಡ್ದು ಬಡ್ದು ಸಾಕಾಗಿ, ನೀನೇ ಇರು ತಾಯಿ ಅಂತ ದರಿದ್ರಲಕ್ಸ್ಮಿನ ಜಗ್ಲಿ ಮೇಲೆ ಕೂರ್ಸಿ ಓದ್ಲಂತೆ."

ಯಶೋದಮ್ಮ ಕೊಡ ಕೆಳಗಿಟ್ಟು ನಕ್ಕಳು. "ಥೂ ನಿನ್ನ! ನಾನೂ ನೋಡ್ದೆ ಕಣಮ್ಮಿ. ಕೇಳಾನ ಅಂದ್ಕೊಂಡೆ. ಆ ಮುದ್ಕಿ ಬಾಯಿಗೆ ಯಾರು ಓಯ್ತಾರೆ?"

"ನಾವ್ಯಾಕೆ ಕೇಳಾನ ಬುಡು. ಅವ್ರ ಮನೆ, ಅವ್ರ ಬಾಗ್ಲು."

ಆ ಮಳೆಗಾಲ ಊರಿಗೆಲ್ಲ ರೇಷ್ಮೆ ಹುಳದ ರೋಗ ಬಂತು. ಒದ್ದೆ ಸೊಪ್ಪು ಹಾಕಿದವರ ಹುಳವೆಲ್ಲ ಸತ್ತಿತು. ಮುದ್ದಯ್ಯನ ಮನೆಯಲ್ಲೂ ಗೂಡು ಕಟ್ಟಲು ಎರಡು ದಿನವಿದ್ದ ಹುಳ ತಟ್ಟೆ ತಟ್ಟೆಯಾಗಿ ತಿಪ್ಪೆಗೆ ಹೋಯಿತು. ಅದರ ಹಿಂದೆಯೇ ಅವರ ಎಮ್ಮೆ ತಿಂಗಳು ತುಂಬುವ ಮೊದಲೇ ಕಂದು ಹಾಕಿತು. ಊರಲ್ಲಿ ಹುಳ ಕಳಕೊಂಡವರು ಹದಿನೇಳು ಮನೆಯವರು. ಸೋಮಮ್ಮ ಒಂದು ಮನೆಯ ಸುದ್ದಿಯನ್ನು ಮಾತ್ರ ಹೇಳುತ್ತಾ ಬಂದಳು. ಹೊಸದಾಗಿ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಸಂಜೆ ಆ ಮನೆಯ ಮುಂದೆ ಹಾಯುವಾಗ ಹಾಕಿದ ಬಾಗಿಲನ್ನು ನೋಡಿ ಒಬ್ಬರಿಗೊಬ್ಬರು ಕಣ್ಸನ್ನೆ ಮಾಡತೊಡಗಿದರು. ಮಲ್ಲಿಗಮ್ಮ ಸಂಜೆ ಹೊತ್ತು ಹೊರಗೆ ಬರುವುದನ್ನೇ ಬಿಟ್ಟಳು.

ಒಂದು ದಿನ ಅವಳೇ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಸೋಮಮ್ಮನನ್ನು ಹಿಡಿದಳು. ಸುತ್ತ ನಾಲ್ಕು ಜನ ಹೆಂಗಸರಿದ್ದರು.

"ನನ್ನ ಮನೆ ಮೇಲೆ ಯಾಕಮ್ಮಿ ಮಣ್ಣು ಉಯ್ತಿದ್ದೀಯೆ?"

"ನಾನೇನಂದೆ ದೊಡ್ಡತ್ತೆ?" ಸೋಮಮ್ಮ ಬಟ್ಟೆ ಹಿಂಡುತ್ತಲೇ ಹೇಳಿದಳು. "ದೀಪದೊತ್ನಲ್ಲಿ ನಮ್ಮನೆ ಮುಂಬಾಗ್ಲು ಚಿಲ್ಕ ಹಾಕಿತ್ತು ಅಂತ ನಿಮ್ಮಗನೇ ಬರ್ಸವ್ನೆ. ಮಂಡ್ಯದಲ್ಲಿ ಜಡ್ಜಿ ಮುಂದೆ ಅದ್ನ ಓದ್ತಾರೆ. ನೀವೂ ಓಗಿ ಊ ಅನ್ಬೇಕಂತೆ. ಅಲ್ಲಾ, ನನ್ನ ಬಾಗ್ಲು ಕಾಲ್ನಲ್ಲಿ ಒದ್ದು ಬುದ್ಧಿ ಹೇಳಿದ್ರಲ್ಲ, ಆಗ ನಿಮ್ಮನೆ ಬಾಗ್ಲು ಹಾಕಿತ್ತಾ, ತೆಗ್ದಿತ್ತಾ?"

ಒಬ್ಬಳು ಮುಖ ತಿರುಗಿಸಿ ನಕ್ಕಳು. ಮಲ್ಲಿಗಮ್ಮನ ಕೈ ಮೇಲೆದ್ದಿತು, ಮತ್ತೆ ಇಳಿಯಿತು.

"ಅವ್ನು ನನ್ನ ಮಗ ಕಣೆ" ಎಂದಳು ಮೆಲ್ಲಗೆ.

"ಅವ್ರು ನನ್ನ ಗಂಡ ಕಣತ್ತೆ."

ಆ ವಾರದಲ್ಲೇ ಮಳವಳ್ಳಿಯಿಂದ ಮಲ್ಲಿಗಮ್ಮನ ತಮ್ಮ ಕೆಂಪಸಿದ್ದಯ್ಯ ಬಂದ. ಹಿಂದೆ ಇಬ್ಬರು ಆಳುಗಳು. ಅವನು ಸೋಮಮ್ಮನ ಜಗಲಿಯ ಮೇಲೆ ಕೇಳದೆಯೇ ಕೂತು ಎಲೆ ಅಡಿಕೆ ಚೀಲ ಬಿಚ್ಚಿದ.

"ಆದದ್ದಾಯ್ತು ಕಣಮ್ಮ. ಇಪ್ಪತ್ತು ಗುಂಟೆ ಗದ್ದೆ ಬರ್ಕೊಡ್ತೀವಿ. ನೀನು ಆ ಸರ್ಕಾರಿ ವಕೀಲನ ಹಿಂದೆ ಅಲಿಯೋದ ಬುಟ್ಬುಡು."

"ಗದ್ದೆ ಬ್ಯಾಡ ಗೌಡ್ರೆ. ನಿಮ್ಮಳಿಯನ್ನ ಇಲ್ಲಿಗೆ ಕಳಿಸಿ, ಬೆನ್ನು ತಿರುಗ್ಸಿ ನಿಲ್ಸಿ. ಹಾರೆ ನಮ್ಮನೇಲೂ ಐತೆ."

ಕೆಂಪಸಿದ್ದಯ್ಯ ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿ ಮನೆಯೊಳಗೆ ಒಂದು ಸಲ ಕಣ್ಣಾಡಿಸಿದ. "ಒಂಟಿ ಎಂಗಸು. ಒಂಟಿ ಮನೆ. ವಸಿ ನೋಡ್ಕೊಂಡು ಮಾತಾಡು" ಎಂದು ಎದ್ದು ಹೋದ.

ಮಲ್ಲಿಗಮ್ಮನ ಸಾಕ್ಷಿಯ ದಿನ ಸೋಮಮ್ಮ ಒಬ್ಬಳೇ ಮಂಡ್ಯಕ್ಕೆ ಹೋಗಲಿಲ್ಲ. ಯಶೋದಮ್ಮನನ್ನೂ ಇನ್ನೂ ಐದು ಜನ ಹೆಂಗಸರನ್ನೂ ಕರೆದುಕೊಂಡು ಹೋದಳು. ಬಸ್ಸಿನ ಚಾರ್ಜು ತಾನೇ ಕೊಟ್ಟಳು. ಕೋರ್ಟು ನೋಡುವ ಆಸೆ ಎಲ್ಲರಿಗೂ ಇತ್ತು. ಅವರನ್ನು ಸಾಕ್ಷಿ ಕಟಕಟೆಗೆ ಎದುರಾಗಿ, ಹಿಂದಿನ ಬೆಂಚಿನಲ್ಲಿ ಸಾಲಾಗಿ ಕೂರಿಸಿದಳು. ಮೊದಲೇ ರಾಮಾನುಜ ಅಯ್ಯಂಗಾರರ ಹತ್ತಿರ ಹೋಗಿ ಏನು ಕೇಳಬೇಕೆಂದು ಹೇಳಿ ಬಂದಿದ್ದಳು. "ಬಾಗ್ಲು ತೆಗ್ದಿತ್ತಲ್ವಾ ಅಂತ ಕೇಳ್ಬ್ಯಾಡಿ ಸಾಮಿ. ಹಾಕಿತ್ತು ಅಂತ ಒಪ್ಕೊಳ್ಳಿ. ನಿಮ್ಮನೇಲಿ ಯಾವಾಗ್ಲೂ ಅಂಗೇ ಅಂತೆ ಅನ್ನಿ." ಅವರು ಕನ್ನಡಕದ ಮೇಲಿನಿಂದ ಅವಳನ್ನು ನೋಡಿ, ತಲೆಯಾಡಿಸಿದ್ದರು.

ಮೊದಲು ತಿರುನಾರಾಯಣ ಕೇಳಿದರು. ಆ ದಿನ ಸಂಜೆ ಮುಂಬಾಗಿಲು ಹೇಗಿತ್ತು?

"ಹಾಕಿತ್ತು" ಎಂದಳು ಮಲ್ಲಿಗಮ್ಮ. ಜಡ್ಜಿ ಜೋರಾಗಿ ಹೇಳಿ ಎಂದರು. "ಚಿಲ್ಕ ಹಾಕಿತ್ತು" ಎಂದಳು ಮತ್ತೆ. ಆರೋಪಿಯ ಕಟಕಟೆಯಲ್ಲಿ ನಿಂತ ಮುದ್ದಯ್ಯ ಉಸಿರು ಬಿಟ್ಟ.

ರಾಮಾನುಜ ಅಯ್ಯಂಗಾರರು ಎದ್ದರು. ದನಿ ಏರಿಸಲಿಲ್ಲ.

"ಅಮ್ಮ, ಮದುವೆಯಾಗಿ ಎಷ್ಟು ವರ್ಷವಾಯ್ತು?"

"ನಲವತ್ತೈದು ಆಯ್ತು."

"ಮನೇಲಿ ದೀಪ ಹಚ್ಚೋರು ಯಾರು?"

"ನಾನೇ. ಇನ್ಯಾರು?"

"ಹಚ್ಚೋವಾಗ ಹಿತ್ತಲ ಬಾಗಿಲು?"

"ಹಾಕಿರ್ತೀನಿ."

"ಮುಂಬಾಗಿಲು?"

ಮಲ್ಲಿಗಮ್ಮನ ಕಣ್ಣು ಹಿಂದಿನ ಬೆಂಚಿನ ಮೇಲೆ ಹೋಯಿತು.

"ಅದನ್ನೂ ಹಾಕ್ತೀರ. ಆಯ್ತು, ತಪ್ಪೇನಿಲ್ಲ" ಎಂದರು ವಕೀಲರು. "ಬರೆದುಕೊಳ್ಳಲಿ. ನಲವತ್ತೈದು ವರ್ಷದಿಂದ ದೀಪ ಹಚ್ಚೋ ಹೊತ್ತಿಗೆ ಮುಂಬಾಗಿಲಿಗೆ ಚಿಲಕ ಹಾಕೋದು ಈ ಮನೆಯ ಪದ್ಧತಿ. ಈಯಮ್ಮನೇ ತಮ್ಮ ಕೈಯಾರೆ ಹಾಕ್ತಾರೆ. ಹೌದು ತಾನೆ?"

ಟೈಪಿನ ಸದ್ದು ಶುರುವಾಯಿತು. ಹಿಂದಿನ ಬೆಂಚಿನಲ್ಲಿ ಯಶೋದಮ್ಮ ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ಇಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡರು.

"ಯಾವಳ್ಗಯ್ಯಾ ನೀನು ಏಳ್ತಿರೋದು?" ಮಲ್ಲಿಗಮ್ಮನ ದನಿಗೆ ಟೈಪು ಮಾಡುತ್ತಿದ್ದವನ ಕೈ ನಿಂತಿತು. "ದೀಪ ಅಂಟ್ಸಿ ಬಾಗ್ಲಾಕೋಕೆ ನಮ್ದೇನು ದರಿದ್ರದ ಮನೇನಾ? ನನ್ನ ಗಂಡ ಸತ್ ದಿನ ಹಾಕಿಲ್ಲ, ಪಿಳೇಗು ಬಂದು ಊರೇ ಬುಟ್ಟೋಗೋ ದಿನ ಹಾಕಿಲ್ಲ! ಅಲ್ಲಿ ಕೂತು ಹಲ್ಲು ಕಿರೀತಾ ಅವ್ರಲ್ಲ, ಅವ್ರಿಗೆಲ್ಲಾ ಬಾಗ್ಲು ತೆಗ್ಯೋದ ಕಲ್ಸಿದೋಳು ನಾನು!"

"ಆ ದಿನ ಮಾತ್ರ ಹಾಕಿದ್ರಿ, ಹಾಗಾದರೆ."

"ಅವತ್ತು ಸುಕ್ರವಾರ ಕಣಯ್ಯ! ಸುಕ್ರವಾರ ಯಾವಳಾದ್ರೂ ಹಾಕ್ತಾಳಾ? ನಾನೇ ತೆಗ್ದು, ನಾನೇ ಗೂಡಿಗೆ ದೀಪ ಮಡಗ್ದೆ!"

"ತೆಗೆದಿತ್ತು?"

"ತೆಗ್ದಿತ್ತು!"

"ಅವ್ವಾ!" ಎಂದು ಕೂಗಿದ ಮುದ್ದಯ್ಯ.

ಆಗ ಮಲ್ಲಿಗಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ತಿರುನಾರಾಯಣ ಎದ್ದು ನಾಲ್ಕಾರು ರೀತಿಯಲ್ಲಿ ಕೇಳಿ ನೋಡಿದರು. ವಯಸ್ಸಾಗಿದೆ, ದಿನ ಮರೆತಿರಬಹುದಲ್ಲವೇ? ಅವಳು ತಲೆ ಎತ್ತಲಿಲ್ಲ. ಬಾಗಿಲು ತೆರೆದಿದ್ದರೆ ಚಿಲಕ ಮುರಿದದ್ದು ಹೇಗೆ ಎಂದು ಜಡ್ಜಿಯೇ ಕೇಳಿದಾಗ "ನನ್ನ ಕೇಳ್ಬ್ಯಾಡಿ" ಎಂದಳು. ಕಣ್ಣು ಮಗನ ಕಡೆ ಹೋಗಿ ಅಲ್ಲೇ ನಿಂತಿತು. ಜಡ್ಜಿ ಅದನ್ನು ನೋಡಿದರು.

ಸೋಮಮ್ಮ ಮುದ್ದಯ್ಯನ ಮುಖವನ್ನು ನೋಡುತ್ತಿದ್ದಳು. ಬೇರೆ ಎಲ್ಲಿಯೂ ನೋಡಲಿಲ್ಲ. ಗಂಡ ಸತ್ತಂದಿನಿಂದ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಅವತ್ತು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಎರಡು ಸಲ ಹಾಕಿಸಿಕೊಂಡು ಉಂಡಳು.

ಮೂರು ವಾರದ ಮೇಲೆ ತೀರ್ಪು ಬಂತು. ಬಾಗಿಲು ತೆರೆದಿತ್ತು, ಚಿಲಕವನ್ನು ಆಮೇಲೆ ಒಳಗಿನಿಂದ ಮುರಿದದ್ದು, ಬೆನ್ನು ತಿರುಗಿಸಿ ಹೊರಟವನನ್ನು ಹೊಡೆಯುವ ಹಕ್ಕು ಯಾವ ಮನೆಯವನಿಗೂ ಇಲ್ಲ ಎಂದು ಜಡ್ಜಿ ಓದಿದರು. ಗುದ್ದಲಿಯ ಮಾತನ್ನು ಅವರು ನಂಬಲಿಲ್ಲ. ಜೀವಾವಧಿ ಶಿಕ್ಷೆ.

"ನೇಣಿಲ್ವಾ ಸಾಮಿ?" ಎಂದು ಸೋಮಮ್ಮ ವರಾಂಡದಲ್ಲಿ ಕೇಳಿದಳು.

"ಇಲ್ಲಮ್ಮ. ಇದು ಸಾಲದಾ?"

"ಸಾಲ್ದು."

ರಾಮಾನುಜ ಅಯ್ಯಂಗಾರರು ಕೋಟು ಕಳಚಿ ತೋಳಿನ ಮೇಲೆ ಹಾಕಿಕೊಂಡು ಹೊರಟುಹೋದರು. ಪೊಲೀಸರು ಮುದ್ದಯ್ಯನನ್ನು ಮೆಟ್ಟಿಲಿಳಿಸುತ್ತಿದ್ದರು. ಕೆಂಪಸಿದ್ದಯ್ಯ ಅಳಿಯನ ಪಕ್ಕದಲ್ಲೇ ನಡೆಯುತ್ತಿದ್ದ. ಸೋಮಮ್ಮನ ಮುಂದೆ ಬಂದಾಗ ನಿಂತು, ಕೈಯ ನಾಲ್ಕು ಬೆರಳು ಮಡಚಿ ತೋರುಬೆರಳನ್ನು ಅವಳ ಕಡೆ ಮಾಡಿ ಹೋದ.

ಬಸ್ಸು ಮದ್ದೂರಿನಲ್ಲಿ ಅರ್ಧ ಗಂಟೆ ನಿಲ್ಲುತ್ತದೆ. ಸೋಮಮ್ಮ ಇಳಿದು ಕಬ್ಬಿಣದ ಅಂಗಡಿಗೆ ಹೋದಳು. ಮುದ್ದಯ್ಯ ಚಿಲಕ ತಂದದ್ದೂ ಅದೇ ಅಂಗಡಿಯಿಂದ. ಅಂಗಡಿಯವನು ತೋರಿಸಿದ ಎರಡನ್ನು ಬೇಡವೆಂದು, ಹೆಬ್ಬೆರಳು ದಪ್ಪದ ಸಲಾಕೆಯ ಚಿಲಕ ಆರಿಸಿದಳು. ಮಧ್ಯಾಹ್ನವೇ ಊರಿನ ಬಡಗಿಯನ್ನು ಕರೆಸಿ ಹಾಕಿಸಿದಳು.

ಸಂಜೆ ಎದುರು ಮನೆಯ ಬಾಗಿಲು ತೆರೆದಿತ್ತು. ಬಹಳ ದಿನದ ಮೇಲೆ ಎರಡೂ ಕದ ಹಾರು ಹೊಡೆದಿದ್ದವು. ಗೂಡಿನಲ್ಲಿ ದೀಪ, ಹೊಸ್ತಿಲ ಒಳಗೆ ಮಲ್ಲಿಗಮ್ಮ ಒಬ್ಬಳೇ. ಅವಳು ಸೋಮಮ್ಮನನ್ನು ಕಂಡು ಕೂತಲ್ಲಿಂದಲೇ ಕೂಗಿದಳು.

"ನೋಡ್ಕೊಳೆ. ತೆಗ್ದೀನಿ. ಕಣ್ತುಂಬ ನೋಡ್ಕೊ."

"ನೋಡ್ದೆ ದೊಡ್ಡತ್ತೆ" ಎಂದಳು ಸೋಮಮ್ಮ. "ಒಳೀಕೆ ಬರೋಕೆ ಯಾರವ್ರೆ?"

ಆ ಮನೆಯ ಜಗಲಿಯ ಕೊನೆಯಲ್ಲಿ ಮಳವಳ್ಳಿಯ ಆ ಇಬ್ಬರು ಆಳುಗಳು ಬೀಡಿ ಸೇದುತ್ತ ಕೂತಿದ್ದರು. ಇಬ್ಬರೂ ಈ ಕಡೆಯೇ ನೋಡುತ್ತಿದ್ದರು.

ಸೋಮಮ್ಮ ಒಳಗೆ ಹೋಗಿ ದೀಪ ಹಚ್ಚಿದಳು. ಹಿತ್ತಲ ಬಾಗಿಲು ಹಾಕಿದಳು. ಕೊಟ್ಟಿಗೆಯ ಮೂಲೆಯಿಂದ ಹಾರೆ ತಂದು ಗೋಡೆಗೆ ಆನಿಸಿದಳು. ಆಮೇಲೆ ಮುಂಬಾಗಿಲಿಗೆ ಬಂದು ಕದ ಎಳೆದುಕೊಂಡಳು.

ಪಕ್ಕದ ಮನೆಯಿಂದ ಯಶೋದಮ್ಮ ನೋಡಿಬಿಟ್ಟಳು. "ಅಯ್ಯೋ, ಏನಮ್ಮಿ ಅದು? ದೀಪದೊತ್ನಲ್ಲಿ ಬಾಗ್ಲಾಕ್ತೀಯಾ? ಲಕ್ಸ್ಮಿ ಬರೋ ಒತ್ತು ಕಣೇ!"

"ನಾಳೀಕೆ ಬರ್ಲಿ ಬುಡು ಯಶೋದಕ್ಕ. ಕತ್ಲಾದ್ ಮ್ಯಾಲೆ ನಮ್ಮನೇಗೆ ಬರೋರು ಬಾಗ್ಲು ಮುರ್ಕೊಂಡೇ ಬರ್ಬೇಕು. ನೀನು ಸಾಕ್ಷಿ. ಹಾಕಿದ್ನ ಕಣ್ಣಾರೆ ನೋಡ್ದೆ ತಾನೆ?"

ಸೋಮಮ್ಮ ಚಿಲಕ ಹಾಕಿದಳು. ಸದ್ದು ಎದುರು ಸಾಲಿಗೆ ಕೇಳಿಸುವ ಹಾಗೆ ಮತ್ತೊಮ್ಮೆ ತೆಗೆದು ಹಾಕಿದಳು. ಮಣೆ ಎಳೆದುಕೊಂಡು ಬಾಗಿಲಿಗೆ ಮುಖ ಮಾಡಿ ಕೂತಳು.